ಕನ್ನಡದಲ್ಲಿ ಮಾತ್ರ ಇದ್ದ ನಾಲ್ಕನೇ ಭಾಗ

ಹಂಝಾಕ ಟಿವಿಯನ್ನು ಆರಿಸಿದಾಗ ಮಾತ್ರ ನಮ್ಮ ಮನೆಯ ಮಕ್ಕಳು ಅದರ ಮುಂದೆ ಅಲ್ಲಾಡದೆ ಕೂರುತ್ತಿದ್ದರು. ಟಿವಿ ಓಡುತ್ತಿರುವಾಗ ಒಬ್ಬ ಸೋಫಾದ ಬೆನ್ನು ಹತ್ತುವುದು, ಒಬ್ಬಳು ಫ್ರಿಜ್ಜಿನ ಬಾಗಿಲು ತೆಗೆದಿಟ್ಟು ನಿಲ್ಲುವುದು, ಇನ್ನೊಬ್ಬ ಸುಮ್ಮನೆ ಅಳುವುದು ಇದ್ದದ್ದೇ. ಆದರೆ ಹಂಝಾಕ ರಿಮೋಟ್ ಒತ್ತಿ, ಶುಕ್ರವಾರದ ಬಿಳಿ ಅಂಗಿಯ ತೋಳು ಮಡಚಿ, ಕಪ್ಪು ಪರದೆಗೆ ಬೆನ್ನು ಹಾಕಿ ನಿಂತು ಒಮ್ಮೆ ಗಂಟಲು ಸರಿಮಾಡಿಕೊಂಡರೆ ಇಡೀ ಹಾಲ್ ಗಪ್‌ಚಿಪ್. ನಮ್ಮ ಬಾಗಿಲಿಗೆ ತಲೆ ತಗ್ಗಿಸಿ ಒಳಗೆ ಬರುವಷ್ಟು ಎತ್ತರದ ಆಳು. ಅವರು ನಿಂತರೆ ಹಿಂದೆ ಟಿವಿ ಇದೆ ಎಂಬುದೇ ಮರೆತುಹೋಗುತ್ತಿತ್ತು.

ಹಂಝಾ ಕಾಕ ಎಂಬುದು ಎಲ್ಲರ ಬಾಯಲ್ಲಿ ಹಂಝಾಕ ಆಗಿತ್ತು. ಅವರ ಊರು ಕಾಪುವಿನ ಹತ್ತಿರ. ಸೌದಿಯ ದಹ್ರಾನಿನಲ್ಲಿ, ಸಂಸಾರಗಳಿರುವ ನಮ್ಮ ವಸತಿ ಕಾಂಪೌಂಡಿನಲ್ಲಿ ಡಿಶ್, ಕೇಬಲ್, ಟಿವಿ ರಿಪೇರಿ ಅವರ ಕೆಲಸ. ಹೆಂಡತಿ ಮಕ್ಕಳು ಊರಿನಲ್ಲಿದ್ದ ಕಾರಣ ಗೇಟಿನ ಹೊರಗಿನ ಬ್ಯಾಚುಲರ್ ಕ್ಯಾಂಪಿನಲ್ಲಿ ವಾಸ. ಮೊಮ್ಮಕ್ಕಳನ್ನು ಕಂಡವರೂ ಈ ದೇಶದಲ್ಲಿ ಬ್ಯಾಚುಲರ್‌ಗಳೇ. ಅವರು ಬಂದ ಹೊಸತರಲ್ಲಿ, ನೌಕರಿ ಮುಗಿಸಿ ಹೊರಟಿದ್ದ ಒಬ್ಬ ಬ್ರಿಟಿಷ್ ಎಂಜಿನಿಯರ್ ಒಂದು ಪೆಟ್ಟಿಗೆ ತುಂಬ ವಿಡಿಯೊ ಕ್ಯಾಸೆಟ್ ಕೊಟ್ಟು ಹೋಗಿದ್ದನಂತೆ. ಅವನ ದೇಶದಲ್ಲಿ ಹಿಂದೆ ಮನೆಮಾತಾಗಿದ್ದ ಒಂದು ವೈಜ್ಞಾನಿಕ ಧಾರಾವಾಹಿಯ ಒಂದು ಇಡೀ ಸೀಸನ್ ಅದು. ಕಪ್ಪು ಬಿಳುಪು. ಒಬ್ಬ ಮುದಿ ಕ್ಯಾಪ್ಟನ್, ಒಬ್ಬ ಮೆಕ್ಯಾನಿಕ್, ಒಬ್ಬ ನರ್ಸ್, ಜೊತೆಗೆ ಇಬ್ಬರು ತರುಣರು ಒಂದು ಹಡಗಿನಲ್ಲಿ ಗ್ರಹದಿಂದ ಗ್ರಹಕ್ಕೆ ಅಲೆಯುತ್ತಾರೆ. ಗ್ರಹದ ಗೋಡೆಗಳು ರಟ್ಟಿನವು, ಯಾರಾದರೂ ಜೋರಾಗಿ ಬಾಗಿಲು ಹಾಕಿದರೆ ಅಲ್ಲಾಡುತ್ತವೆ. ಮಕ್ಕಳು ನಕ್ಕರೆ ಹಂಝಾಕ ಬಿಡುತ್ತಿರಲಿಲ್ಲ. ನನ್ನ ಕ್ಯಾಂಪಿನ ಗೋಡೆಯೂ ಹಾಗೆಯೇ ಅಲ್ಲಾಡುತ್ತದೆ, ಒಳಗಿನ ಮನುಷ್ಯ ಅಲ್ಲಾಡದಿದ್ದರೆ ಸಾಕು ಎನ್ನುತ್ತಿದ್ದರು.

ಆ ಕ್ಯಾಸೆಟ್ಟುಗಳನ್ನು ತಿರುಗಿಸಿ ತಿರುಗಿಸಿ ನೋಡಿಯೇ ಅವರು ಇಂಗ್ಲಿಷ್ ಕಲಿತದ್ದು. ಹಾಗಾಗಿ ಅವರ ಇಂಗ್ಲಿಷ್ ನಮ್ಮದರ ಹಾಗೆ ಇರಲಿಲ್ಲ. ಬೇರೆ ಗ್ರಹಕ್ಕೆ ಇಳಿದ ಹಳೇ ಕಾಲದ ಸಭ್ಯಸ್ಥರ ಇಂಗ್ಲಿಷ್. ಒಮ್ಮೆ ಇಕಾಮಾ ಎಂಬ ವಾಸದ ಪರವಾನಗಿ ಕಾರ್ಡನ್ನು ರೂಮಿನಲ್ಲೇ ಮರೆತು ಗೇಟಿಗೆ ಬಂದಿದ್ದಾರೆ. ಕೆಲಸಕ್ಕೆ ಆಗತಾನೆ ಸೇರಿದ್ದ ಸೌದಿ ಹುಡುಗನೊಬ್ಬ ತಡೆದ. ಹಂಝಾಕ ಎದೆ ಸೆಟೆಸಿ ನಿಂತು, ತಾವು ಶಾಂತಿಯಿಂದ ಬಂದಿರುವುದಾಗಿಯೂ ತಮ್ಮನ್ನು ಕೂಡಲೇ ನಾಯಕರ ಬಳಿಗೆ ಕರೆದೊಯ್ಯಬೇಕಾಗಿಯೂ ಶುದ್ಧ ಇಂಗ್ಲಿಷಿನಲ್ಲಿ ಅರಿಕೆ ಮಾಡಿಕೊಂಡರು. ಆ ಹುಡುಗನಿಗೆ ಅರ್ಥವಾದದ್ದು ನಾಯಕ ಎಂಬುದೊಂದೇ. ಯಾರೋ ದೊಡ್ಡ ಮನುಷ್ಯನೇ ಇರಬೇಕೆಂದು ಹೆದರಿ ಸೂಪರ್‌ವೈಸರನ್ನು ಕರೆಸಿದ. ಅವನು ನಕ್ಕು ಸುಸ್ತಾಗಿ, ಕಾರ್ಡಿಲ್ಲದೆಯೇ ಒಳಗೆ ಬಿಟ್ಟ. ಅಂದಿನಿಂದ ಹಂಝಾಕ ಗೇಟು ದಾಟುವಾಗಲೆಲ್ಲ ಆ ಹುಡುಗ ಎದ್ದು ನಿಂತು ಸಲಾಂ ಹೇಳುತ್ತಿದ್ದ. ಇಷ್ಟು ವರ್ಷ ಶಾಲೆಯಲ್ಲಿ ಇಂಗ್ಲಿಷ್ ಪಾಠ ಮಾಡಿದ ನನಗೆ ಆ ಗೇಟಿನಲ್ಲಿ ಯಾರೂ ಎದ್ದು ನಿಂತಿಲ್ಲ.

ಬ್ಯಾಚುಲರ್ ಕ್ಯಾಂಪಿಗೆ ಸಂಸಾರಗಳು ಹೋಗುವ ಹಾಗಿಲ್ಲ. ಆದ್ದರಿಂದ ಧಾರಾವಾಹಿ ನಮ್ಮ ಮನೆಗೆ ಬಂತು. ಮೊದಲು ಕ್ಯಾಸೆಟ್, ಆಮೇಲೆ ಅದೇ ಪೆನ್‌ಡ್ರೈವಿನಲ್ಲಿ. ವರ್ಷವೂ ಸೆಕೆಗಾಲ ಇಳಿದ ಮೇಲೆ ಅದೇ ಸೀಸನ್ ಮೊದಲಿನಿಂದ, ಪ್ರತಿ ಶುಕ್ರವಾರ ಇಳಿಹೊತ್ತಿನ ಅಸರ್ ನಮಾಝ್ ಮುಗಿಸಿ ಒಂದು ಭಾಗ. ಒಂದೇ. ಮಕ್ಕಳು ಕಾಲು ಹಿಡಿದರೂ ಎರಡನೆಯದು ಇಲ್ಲ. ಕಾಯುವುದೂ ಕಥೆಯೇ ಎಂಬುದು ಅವರ ಖಡಕ್ಕು ಕಾನೂನು. ನಮ್ಮ ಜೊತೆಗೆ ಭಟ್ಕಳದ ಒಂದು ಮನೆಯವರು, ಉಡುಪಿಯ ಒಂದು ಮನೆಯವರು ಬರುತ್ತಿದ್ದರು. ಭಟ್ಕಳದವರಿಗೆ ನಮ್ಮ ಬ್ಯಾರಿ ಬಾರದು, ನಮಗೆ ಅವರ ನವಾಯತಿ ಬಾರದು. ದೊಡ್ಡವರ ನಡುವೆ ನಡೆಯುತ್ತಿದ್ದದ್ದು ಕನ್ನಡ. ಮಕ್ಕಳಿಗೆ ಮೂರೂ ಬೇಡ, ಇಂಗ್ಲಿಷ್ ಒಂದಿದ್ದರೆ ಸಾಕು.

ಆ ಸೀಸನ್ನಿನಲ್ಲಿ ಉಪ್ಪಿನ ಗ್ರಹದ ಕಥೆಯೊಂದಿದೆ. ಅದರ ನಾಲ್ಕನೇ ಭಾಗ ಮಾತ್ರ ಹಂಝಾಕನ ಪೆಟ್ಟಿಗೆಯಲ್ಲೂ ಇರಲಿಲ್ಲ, ಲೋಕದಲ್ಲಿ ಬೇರೆಲ್ಲೂ ಇರಲಿಲ್ಲ. ಆ ಕಾಲದಲ್ಲಿ ಟೇಪು ದುಬಾರಿಯೆಂದು ಮಾಡಿದವರೇ ಅದನ್ನು ಅಳಿಸಿ, ಮೇಲೆ ಇನ್ನೇನನ್ನೋ ತುಂಬಿಸಿದ್ದರಂತೆ. ಮೂರನೇ ಭಾಗದ ಕೊನೆಯಲ್ಲಿ ಎಲ್ಲರೂ ಒಂದು ಉಪ್ಪಿನ ಗಣಿಯಲ್ಲಿ ಸಿಕ್ಕಿಬಿದ್ದಿರುತ್ತಾರೆ. ಮೇಲಿನಿಂದ ಉಪ್ಪು ಸುರಿಯುತ್ತಿರುತ್ತದೆ. ಉಳಿದವರು ಹೊರಗೆ ದಾಟಲೆಂದು ನರ್ಸ್ ಒಳಗೆ ನಿಂತು ಬಾಗಿಲಿನ ಸನ್ನೆಕೋಲನ್ನು ಒತ್ತಿ ಹಿಡಿದಿರುತ್ತಾಳೆ. ಐದನೇ ಭಾಗ ಶುರುವಾದರೆ ಎಲ್ಲರೂ ಹಡಗಿನಲ್ಲಿದ್ದಾರೆ, ನರ್ಸ್ ಇಲ್ಲ. ಅವಳ ಹೆಸರನ್ನೂ ಯಾರೂ ಎತ್ತುವುದಿಲ್ಲ.

ಆ ನಾಲ್ಕನೇ ಭಾಗವನ್ನು ಹಂಝಾಕ ಬಾಯಲ್ಲಿ ಹೇಳುತ್ತಿದ್ದರು. ವರ್ಷವೂ ಹೊಸದು. ಒಂದು ವರ್ಷ ಉಪ್ಪು ಒಡೆದು ಆಚೆ ಬದಿಗೆ ದಾರಿ ಸಿಕ್ಕಿ, ಅಲ್ಲಿಯ ಮಕ್ಕಳಿಗೆಲ್ಲ ಜ್ವರವೆಂದು ನರ್ಸ್ ಅಲ್ಲೇ ಉಳಿದಳು. ಇನ್ನೊಂದು ವರ್ಷ ಉಪ್ಪಿನ ಜನ ಅವಳನ್ನು ತಮ್ಮ ಆಸ್ಪತ್ರೆಗೆ ಸೇರಿಸಿಕೊಂಡರು. ಕಫೀಲ್, ಅಂದರೆ ವೀಸಾ ಕೊಟ್ಟ ಧಣಿ, ಒಳ್ಳೆಯವನು, ಪಾಸ್‌ಪೋರ್ಟ್ ಅವಳ ಕೈಯಲ್ಲೇ, ವರ್ಷಕ್ಕೊಮ್ಮೆ ಟಿಕೆಟ್ ಸಹಿತ ರಜೆ. ದೊಡ್ಡವರೆಲ್ಲ ಬಿದ್ದು ಬಿದ್ದು ನಕ್ಕೆವು. ಕಥೆ ಎಷ್ಟು ಬದಲಾದರೂ ಒಂದು ಬದಲಾಗುತ್ತಿರಲಿಲ್ಲ, ನರ್ಸ್ ಸಾಯುತ್ತಿರಲಿಲ್ಲ.

ನನ್ನ ಮಗಳು ರಿದಾ ಚಿಕ್ಕವಳಿರುವಾಗ ಈ ಭಾಗವನ್ನು ಇಂಗ್ಲಿಷಿನಲ್ಲಿ ಹೇಳಿ ಎಂದು ಹಠ ಹಿಡಿದಿದ್ದಳು. ಹಂಝಾಕ ಸ್ವಲ್ಪವೂ ಬಗ್ಗಲಿಲ್ಲ.

"ಇಂಗ್ಲಿಷಲ್ಲಿ ಹೇಗೆ ಹೇಳುದು ಮಾರಾಯ್ತಿ? ಇಂಗ್ಲಿಷಲ್ಲಿ ಅದು ಇಲ್ಲವೇ ಇಲ್ಲ. ಅಳಿಸಿ ಹಾಕಿದ್ದಾರೆ. ಇದು ಕನ್ನಡದಲ್ಲಿ ಮಾತ್ರ ಉಂಟು."

ನಾನು ಎಷ್ಟು ಬೈದರೂ ಕಲಿಯದ ಕನ್ನಡವನ್ನು ಅವಳು ಒಬ್ಬ ನರ್ಸಿನ ಗತಿ ತಿಳಿಯುವುದಕ್ಕಾಗಿ ಕಲಿತಳು. ಶಿಕ್ಷಕಿಯಾದ ನನಗೆ ಹೊಟ್ಟೆಕಿಚ್ಚಾದದ್ದು ನಿಜ.

ಹಂಝಾಕನನ್ನು ನಾನು ಬರೀ ತಮಾಷೆಯ ಮನುಷ್ಯ ಎಂದುಕೊಂಡಿದ್ದೆ. ನನ್ನ ಅಪ್ಪ ತೀರಿಕೊಂಡ ವಾರ ಅದು ತಪ್ಪೆಂದು ಗೊತ್ತಾಯಿತು. ಸುದ್ದಿ ಬಂದದ್ದು ಬೆಳಿಗ್ಗೆ. ದೇಶ ಬಿಡಲು ಬೇಕಾದ ನನ್ನ ಪೇಪರುಗಳು ಕೈಗೆ ಸಿಗುವ ಹೊತ್ತಿಗೆ ಊರಿನಲ್ಲಿ ದಫನ ಮುಗಿದಿತ್ತು. ನಮ್ಮಲ್ಲಿ ಕಾಯಿಸುವುದಿಲ್ಲ, ಗಲ್ಫಿನವರಿಗಾಗಿ ಕಾಯುವುದಂತೂ ಇಲ್ಲ. ಊರಿನಲ್ಲಿದ್ದ ನನ್ನ ತಮ್ಮ ಫೋನು ಮಾಡಿ, ಅಪ್ಪನಿಗೆ ಏನೂ ಕಷ್ಟವಾಗಲಿಲ್ಲ, ನಾವೆಲ್ಲ ಸುತ್ತ ಕೂತಿದ್ದೆವು ಎಂದ. ನನಗೆ ನಂಬಿಕೆಯಾಗಲಿಲ್ಲ. ಪಕ್ಕದ ಮನೆಯವರಿಗೆ, ಆಸ್ಪತ್ರೆಯಲ್ಲಿದ್ದ ಪರಿಚಯದವರಿಗೆ ಫೋನು ಮಾಡಿ ಕೇಳಲು ಶುರುಮಾಡಿದೆ. ಅವತ್ತು ಸಂಜೆ ಹಂಝಾಕ ಬಂದು, ನನ್ನ ಗಂಡನ ಹತ್ತಿರ ಕೂತು, ತಮ್ಮ ಉಮ್ಮ, ತಾಯಿ, ತೀರಿಹೋದ ಸಂಗತಿ ಹೇಳಿದರು. ಅವರು ಊರು ಮುಟ್ಟುವಾಗ ಮೂರು ದಿನವಾಗಿತ್ತಂತೆ. ಹೆಂಡತಿ, ಉಮ್ಮ ಗಂಜಿ ಕುಡಿದು, ಮಗನನ್ನು ಕೇಳಿ, ನನ್ನ ತೊಡೆಯ ಮೇಲೆ ತಲೆಯಿಟ್ಟು ಹೋದರು ಎಂದಳಂತೆ. ಆಮೇಲೆ ಯಾರೋ ನೆರೆಯವರು, ಆ ಹೊತ್ತಿಗೆ ಮನೆಯಲ್ಲಿ ಯಾರೂ ಇರಲಿಲ್ಲ, ಎಲ್ಲರೂ ಮದುವೆಗೆ ಹೋಗಿದ್ದರು ಎಂದು ಬಾಯಿ ಬಿಟ್ಟರಂತೆ.

"ನನ್ನವಳು ಹೇಳಿದ್ದು ಸುಳ್ಳು ಅಂತ ನನಗೆ ಗೊತ್ತುಂಟು ಟೀಚರೇ," ಎಂದರು. "ಆದ್ರೂ ನಾನು ಅದನ್ನೇ ಇಟ್ಟುಕೊಂಡಿದ್ದೇನೆ. ಮಗಳು ನಡೆಯಲಿಕ್ಕೆ ಕಲಿತದ್ದು ನಾನು ನೋಡ್ಲಿಲ್ಲ, ಮಗನ ಸುನ್ನತ್ ನೋಡ್ಲಿಲ್ಲ. ಎಲ್ಲ ಅವಳು ಹೇಳಿ ಹೇಳಿಯೇ ನನಗೆ ಸಿಕ್ಕಿದ್ದು. ಈ ಒಂದನ್ನು ಮಾತ್ರ ಬೇಡ ಅಂತ ಹೇಗೆ ಹೇಳುದು? ನಿಮ್ಮ ತಮ್ಮ ಹೇಳಿದ್ದನ್ನು ಇಟ್ಟುಕೊಳ್ಳಿ. ಬೇರೆಯವರನ್ನು ಕೇಳ್ಲಿಕ್ಕೆ ಹೋಗ್ಬೇಡಿ."

ನಾನು ಫೋನು ಕೆಳಗಿಟ್ಟೆ. ಇವತ್ತಿನವರೆಗೂ ಯಾರನ್ನೂ ಕೇಳಿಲ್ಲ. ನನ್ನ ಅಪ್ಪನ ಸುತ್ತ ಎಲ್ಲರೂ ಕೂತಿದ್ದರು.

ಕಳೆದ ವರ್ಷ ಹಂಝಾಕನ ಎಕ್ಸಿಟ್ ಆಯಿತು. ಅಂದರೆ ವೀಸಾ ರದ್ದು ಮಾಡಿಸಿ, ಮತ್ತೆ ಬರದ ಹಾಗೆ ಊರಿಗೆ ಹೋಗುವುದು. ಕೊನೆಯ ಶುಕ್ರವಾರಕ್ಕೆ ಸರಿಯಾಗಿ ಉಪ್ಪಿನ ಗ್ರಹದ ನಾಲ್ಕನೇ ಭಾಗವೇ ಬಂತು. ಅದೇ ವಾರ ರಿದಾ ಶಾಲೆಯಿಂದ ಬಂದವಳೇ ಬ್ಯಾಗು ಬಿಸಾಡಿ ಒಂದು ಸುದ್ದಿ ಹೇಳಿದಳು. ಕಳೆದುಹೋದ ಆ ಭಾಗದ ಒಂದು ಪ್ರತಿ ದೂರದ ಯಾವುದೋ ದೇಶದ ಹಳೆಯ ಟಿವಿ ಗೋದಾಮಿನಲ್ಲಿ ಸಿಕ್ಕಿತ್ತು. ಅದನ್ನು ಚೊಕ್ಕ ಮಾಡಿ ಇಂಟರ್‌ನೆಟ್ಟಿಗೆ ಬಿಟ್ಟಿದ್ದರು. ಅವಳಪ್ಪನ ಕಾರ್ಡಿನಲ್ಲಿ ಖರೀದಿಸಿ ನಾವಿಬ್ಬರೇ ಕೂತು ನೋಡಿದೆವು.

ನರ್ಸ್ ಶುರುವಿನಲ್ಲೇ ಸಾಯುತ್ತಾಳೆ. ಉಪ್ಪು ಕುತ್ತಿಗೆಗೆ ಬರುತ್ತದೆ, ತಲೆಯ ಮೇಲೆ ಹೋಗುತ್ತದೆ, ಮುಗಿಯಿತು. ಬಾಗಿಲಾಚೆ ದಾಟಿದವರಲ್ಲಿ ಒಬ್ಬನೂ ಹಿಂದಿರುಗಿ ನೋಡುವುದಿಲ್ಲ. ಉಳಿದ ಹೊತ್ತೆಲ್ಲ ಕ್ಯಾಪ್ಟನ್ ನಕಾಶೆ ಹಿಡಿದು ದಾರಿಯ ಚರ್ಚೆ ಮಾಡುತ್ತಾನೆ. ನನಗೆ ಸಿಟ್ಟು ಬಂತು. ಇದು ಹಂಝಾಕನ ಕಿವಿಗೆ ಬೀಳಬಾರದು ಎಂದೆ. ಇಷ್ಟು ವರ್ಷ ಅವಳನ್ನು ಬದುಕಿಸಿಕೊಂಡು ಬಂದವರು, ಅವಳನ್ನು ಬದುಕಿಸಿಟ್ಟೇ ಊರಿಗೆ ಹೋಗಲಿ. ರಿದಾ ಒಪ್ಪಲಿಲ್ಲ. ಆ ಭಾಗವನ್ನು ಅವರಷ್ಟು ಕಾದವರು ಯಾರೂ ಇಲ್ಲ, ಬಚ್ಚಿಟ್ಟರೆ ಮೋಸ ಎಂದಳು. ಇಬ್ಬರಿಗೂ ಜಗಳವಾಗಿ ಎರಡು ದಿನ ಮಾತು ಬಿಟ್ಟೆವು.

ಶುಕ್ರವಾರ ಎಲ್ಲರೂ ಸೇರಿದರು. ಹಂಝಾಕ ತಲೆ ತಗ್ಗಿಸಿ ಬಾಗಿಲು ದಾಟುವಷ್ಟರಲ್ಲೇ ರಿದಾ, ನಾಲ್ಕನೇ ಭಾಗ ಸಿಕ್ಕಿದೆ ಕಾಕ ಎಂದುಬಿಟ್ಟಳು. ಅವರು ಚಪ್ಪಲಿ ಬಿಡುತ್ತಿದ್ದವರು ಹಾಗೇ ನಿಂತರು. ನಾನು ಅಡುಗೆಮನೆಯ ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದೆ. ನೀನು ನೋಡಿದೆಯಾ ಎಂದು ಕೇಳಿದರು. ನೋಡಿದೆ ಎಂದಳು. ಅವಳ ಮುಖ ನೋಡಿಯೇ ಅವರಿಗೆ ಮುಕ್ಕಾಲು ಗೊತ್ತಾಯಿತೆಂದು ನನಗನ್ನಿಸುತ್ತದೆ. ಭಟ್ಕಳದ ಹುಡುಗ ಆಗಲೇ ರಿಮೋಟ್ ಹುಡುಕುತ್ತಿದ್ದ. ಹಂಝಾಕ ಅವನ ಕೈಯಿಂದ ಅದನ್ನು ತೆಗೆದುಕೊಂಡು ಟಿವಿ ಆರಿಸಿದರು.

"ನೋಡ್ಲಿಕ್ಕೆ ಊರಿಗೆ ಹೋಗಿಯೂ ಆಗ್ತದೆ," ಎಂದರು. "ಇವತ್ತು ನೀನು ಹೇಳು. ನಾನು ಕೂತು ಕೇಳ್ತೇನೆ."

ಅಷ್ಟು ವರ್ಷದಲ್ಲಿ ಮೊದಲ ಸಲ ಅವರು ನಾಲ್ಕನೇ ಭಾಗಕ್ಕೆ ಮಕ್ಕಳ ಸಾಲಿನಲ್ಲಿ ನೆಲದ ಮೇಲೆ ಕೂತರು. ರಿದಾ ಕಪ್ಪು ಪರದೆಯ ಮುಂದೆ ನಿಂತು ಇಂಗ್ಲಿಷಿನಲ್ಲಿ ಶುರುಮಾಡಿದಳು. ಹಂಝಾಕ ಕೈಯೆತ್ತಿ ತಡೆದರು. ಅವಳು ನನ್ನ ಕಡೆ ನೋಡಿದಳು. ಆಮೇಲೆ ಅವಳು ತಡವರಿಸುತ್ತ ಕನ್ನಡದಲ್ಲಿ ಹೇಳತೊಡಗಿದಳು. ಉಪ್ಪು ಸೊಂಟಕ್ಕೆ ಬಂತು, ಎದೆಗೆ ಬಂತು. ಉಳಿದವರು ಆಚೆ ದಾಟಿದರು. ನರ್ಸನ್ನು ಬದುಕಿಸಿಬಿಡುತ್ತಾಳೆ ಎಂದು ನಾನು ಕಾದೆ. ಅವಳು ಬದುಕಿಸಲಿಲ್ಲ.

"ನರ್ಸ್ ಹೊರಗೆ ಬರ್ಲಿಕ್ಕೆ ಆಗ್ಲಿಲ್ಲ," ಎಂದಳು. "ಆದ್ರೆ ಕ್ಯಾಪ್ಟನ್ ಹೋಗ್ಲಿಲ್ಲ. ಬಾಗಿಲಿನ ಸಂದಿಯಲ್ಲಿ ಕೈ ಹಾಕಿ ಅವಳ ಕೈ ಹಿಡಿದ. ಎಲ್ಲರೂ ವಾಪಸ್ ಬಂದು ಬಾಗಿಲಿನ ಹತ್ತಿರ ಕೂತರು. ಅವಳಿಗೆ ಅವರ ಮಾತು ಕೇಳ್ತಾ ಇತ್ತು. ಕಡೆವರೆಗೂ ಕೇಳ್ತಾ ಇತ್ತು. ಮತ್ತೆ ಎಲ್ಲರೂ ಹಡಗಿಗೆ ಹೋದರು."

ಹಾಲಿನಲ್ಲಿ ಒಂದು ಮಗುವೂ ಅಲ್ಲಾಡಲಿಲ್ಲ. ಹಂಝಾಕ ತಲೆ ತಗ್ಗಿಸಿ ಕಾರ್ಪೆಟ್ ನೋಡುತ್ತ ಕೂತಿದ್ದರು. ಅವರಿಗೆ ಎಲ್ಲ ತಿಳಿದಿತ್ತು. ಯಾವುದು ಗೋದಾಮಿನಲ್ಲಿ ಸಿಕ್ಕಿದ್ದು, ಯಾವುದು ನನ್ನ ಮಗಳು ಸೇರಿಸಿದ್ದು ಎಂಬುದೂ ತಿಳಿದಿತ್ತು. ಇದನ್ನು ನಾನು ಖಂಡಿತವಾಗಿ ಹೇಳಬಲ್ಲೆ. ನಾನು ತಟ್ಟೆಯನ್ನು ಅಲ್ಲೇ ನೆಲದ ಮೇಲಿಟ್ಟು ಕೂತುಬಿಟ್ಟೆ. ಅಷ್ಟು ಹೆಮ್ಮೆಯೂ ಅಷ್ಟು ಸಂಕಟವೂ ನನಗೆ ಒಟ್ಟಿಗೆ ಆದದ್ದು ಆ ಒಂದು ಸಲ ಮಾತ್ರ.

ಹಂಝಾಕ ತಲೆಯೆತ್ತಿ, ಚಂದ ಹೇಳಿದೆ, ಇನ್ನು ವರ್ಷವೂ ನೀನೇ ಹೇಳಬೇಕು ಎಂದರು. ಆಮೇಲೆ, ಕೇಬಲ್ ಎಳೆಯುವ ಹೊಸ ಹುಡುಗರಿಗೆ ಕೆಲಸ ಕಲಿಸುವ ಅದೇ ದನಿಯಲ್ಲಿ ಒಂದು ತಪ್ಪು ತೋರಿಸಿದರು.

"ಕಡೆಗೆ ಅವರನ್ನು ಬೇಗ ಎಬ್ಬಿಸಿದೆ. ಅಲ್ಲಿ ಸ್ವಲ್ಪ ನಿಲ್ಲಿಸ್ಬೇಕು ಮಗಳೇ. ಹತ್ತಿರ ಕೂತವರು ಅಷ್ಟು ಬೇಗ ಏಳುದಿಲ್ಲ."

ಸೂರ್ಯ ಮುಳುಗಿ ಮಗ್ರಿಬ್ ಆಯಿತು. ನಮಾಝ್ ಮುಗಿಸಿ, ಊಟ ಮಾಡಿ ಭಟ್ಕಳದವರು ಹೋದರು, ಉಡುಪಿಯವರು ಹೋದರು. ಯಾವತ್ತೂ ಎಲ್ಲರಿಗಿಂತ ಮೊದಲು ಹೊರಡುತ್ತಿದ್ದ ಹಂಝಾಕ ಅವತ್ತು ಏಳಲಿಲ್ಲ. ರಿದಾಳ ಪಕ್ಕದಲ್ಲಿ ನೆಲದ ಮೇಲೆ, ಆರಿಸಿದ ಟಿವಿಯ ಮುಂದೆ, ನಮ್ಮ ಜೊತೆ ಸುಮ್ಮನೆ ಕೂತೇ ಇದ್ದರು. ಮಂಗಳವಾರ ದಮ್ಮಾಮಿನಿಂದ ಮಂಗಳೂರಿಗೆ ವಿಮಾನ ಹತ್ತಿದರು.