ಗಂಡನ ಮನೆಗೆ ಹೋದ ಹನ್ನೆರಡು ತಾಳೆಗರಿ

“ಆ ಗರಿ ಕಳದಿಲ್ರಿ ಸರ, ಗಂಡನ ಮನಿಗೆ ಹೋಗ್ಯಾವ” ಎಂದರು ಗೌರಮ್ಮ, ತಾಳೆಗರಿಯ ಕಟ್ಟಿಗೆ ವಿಭೂತಿ ಹಚ್ಚುತ್ತ.

ಮುದ್ದೇಬಿಹಾಳದ ಅವರ ಮನೆಯಲ್ಲಿ ನಾನು ಆ ಹಳೆಯ ಕಾವ್ಯದ ಒಂದೊಂದು ಗರಿಯ ಫೋಟೊ ತೆಗೆದು ಕಂಪ್ಯೂಟರಿಗೆ ಇಳಿಸುತ್ತಿದ್ದೆ. ಮೊದಲ ಹನ್ನೆರಡು ಗರಿ ಇರಲಿಲ್ಲ. ‘ಗೆದ್ದಲಿನಿಂದ ನಷ್ಟ’ ಎಂದು ಟಿಪ್ಪಣಿ ಬರೆದು, ಅದನ್ನು ವಿಚಾರಸಂಕಿರಣವೊಂದರಲ್ಲಿ ಮಂಡಿಸಿಯೂ ಆಗಿತ್ತು.

“ಈ ಮನಿ ಹೆಣ್ಮಗಳ ಮದುವ್ಯಾಗ ಉಡಿ ತುಂಬುವಾಗ ಮ್ಯಾಲಿನ ಗರಿ ಒಂದು ಹಾಕಿ ಕಳಸ್ತೇವ್ರಿ. ಹನ್ನೆರಡನೇದು ನನ್ನ ಮಗಳ ಕಡೆ ಐತಿ, ನಿಡಗುಂದ್ಯಾಗ.”

ಮರುದಿನ ನಿಡಗುಂದಿಯಲ್ಲಿ ಆ ಮಗಳು ಅದನ್ನು ದೇವರ ಜಗಲಿಯಿಂದ ತಂದುಕೊಟ್ಟರು. ಒಂದಕ್ಷರವೂ ಮಾಸಿರಲಿಲ್ಲ.

ಟಿಪ್ಪಣಿಯಿಂದ ಗೆದ್ದಲನ್ನು ತೆಗೆದು ‘ಹನ್ನೆರಡನೆಯ ಗರಿ ಮದುವೆಯಾಗಿ ನಿಡಗುಂದಿಯಲ್ಲಿದೆ’ ಎಂದು ಬರೆದೆ. ಉಳಿದ ಹನ್ನೊಂದು ಮನೆಗಳನ್ನು ಹುಡುಕುತ್ತಿದ್ದೇನೆ. ಮುಂದಿನ ತಿಂಗಳು ಗೌರಮ್ಮನವರ ಮಗನ ಮಗಳ ಮದುವೆ. ಹದಿಮೂರನೆಯ ಗರಿಯ ಫೋಟೊವನ್ನು ಎರಡು ಸಲ ತೆಗೆದಿಟ್ಟುಕೊಂಡಿದ್ದೇನೆ.