ಏಡಿಗೆಂಪು ಎಂದರೆ ಯಾವ ಕೆಂಪು

ಕ್ವೆತಾ ಹನುಶೋವಾ ಮೂವತ್ತೊಂದು ವರ್ಷ ಮಾಡಿದ ಕೆಲಸ ಒಂದೇ: ಬೇಡ ಅನ್ನುವುದು. ಯಾರೊಮೆರ್ಷ್ ಊರಿನ ಸಮವಸ್ತ್ರದ ಕಾರ್ಖಾನೆಯಲ್ಲಿ ರೈಲ್ವೆಯವರ ಕೋಟುಗಳು ಹೊಲಿಗೆ ಮುಗಿಸಿಕೊಂಡು ಕೊನೆಗೆ ಅವಳ ಮೇಜಿಗೆ ಬರುತ್ತಿದ್ದವು. ಉತ್ತರದ ಕಿಟಕಿಯ ಬೆಳಕಿಗೆ ಹಿಡಿದು, ತೋಳಿನ ನೀಲಿಗೂ ಬೆನ್ನಿನ ನೀಲಿಗೂ ಕೂದಲೆಳೆಯಷ್ಟು ವ್ಯತ್ಯಾಸ ಕಂಡರೆ ಸಾಕು, ಬೆನ್ನಿನ ಮೇಲೆ ಸೀಮೆಸುಣ್ಣದಲ್ಲಿ ಒಂದು ಕಾಟು ಗುರುತು ಹಾಕಿ ವಾಪಸು ತಳ್ಳುತ್ತಿದ್ದಳು. ಹೊಲಿಯುವ ಹೆಂಗಸರು ಅವಳನ್ನು ಬೈದುಕೊಂಡೇ ಕೈಕೆಲಸ ಕಲಿತರು. ಮದುವೆಗೆ ಮುಂಚೆ ತನ್ನನ್ನೂ ಕಿಟಕಿ ಹತ್ತಿರ ನಿಲ್ಲಿಸಿ ನೋಡಿದ್ದಳು ಎಂದು ಅವಳ ಗಂಡ ಸಾಯುವವರೆಗೂ ಹೇಳುತ್ತಿದ್ದ. ಅವಳು ಒಂದು ದಿನವೂ ಅಲ್ಲವೆಂದಿರಲಿಲ್ಲ.

ಕಾರ್ಖಾನೆ ಮುಚ್ಚಿದ ಮೇಲೆ ಅವಳ ಕಣ್ಣಿಗೆ ಕೆಲಸ ಕೊಟ್ಟವರು ಊರಿನ ಇಪ್ಪತ್ತೆರಡು ಗಂಡಸರು. ಪ್ರತಿ ಜುಲೈ ತಿಂಗಳು ಇವರು ಅಲ್ಲಿ ನಡೆದ ಹಳೆಯ ಯುದ್ಧವನ್ನು ಮತ್ತೆ ಆಡಿ ತೋರಿಸಲು ಖ್ಲುಮ್ ದಿಬ್ಬದ ಮೇಲೆ ೧೮೬೬ರ ಆಸ್ಟ್ರಿಯಾ ಸೈನ್ಯವಾಗಿ ನಿಂತು, ಎದುರಿನಿಂದ ಬರುವ ಪ್ರಷ್ಯದ ವೇಷದವರ ಕೈಲಿ ಸೋಲುತ್ತಾರೆ. ಅಷ್ಟು ಶ್ರದ್ಧೆಯಿಂದ, ಅಷ್ಟು ಖರ್ಚು ಮಾಡಿಕೊಂಡು, ಸೋಲುವುದಕ್ಕೇ ತಯಾರಾಗುವ ಗಿರಾಕಿಗಳು ಬೇರೆ ಯಾವ ವ್ಯಾಪಾರದಲ್ಲೂ ಸಿಗುವುದಿಲ್ಲ. ಕ್ವೆತಾ ಅವರ ಪ್ಯಾಂಟು ಸಡಿಲಿಸಿ, ಗುಂಡಿ ಹಾಕಿ, ಹನ್ನೊಂದು ವರ್ಷ ಕಳೆದಳು. ಈಗ ಹಳೆಯ ಕೋಟುಗಳು ಹರಿದಿದ್ದವು. ಇಪ್ಪತ್ತೆರಡು ಹೊಸ ಬಿಳಿ ಕೋಟು ಬೇಕಿತ್ತು.

ಬಿಳಿಯಲ್ಲಿ ತಕರಾರಿರಲಿಲ್ಲ. ಆ ಸೈನ್ಯದಲ್ಲಿ ಕಾಲಾಳುಗಳೆಲ್ಲರದೂ ಬಿಳಿ ಕೋಟೇ; ಯಾವ ರೆಜಿಮೆಂಟು ಎಂದು ಗೊತ್ತಾಗುತ್ತಿದ್ದದ್ದು ಕಾಲರು ಮತ್ತು ಕಫ್‌ಗಳ ಬಣ್ಣದಿಂದ. ಕೆಂಪಿನಲ್ಲೇ ಚೆರಿಗೆಂಪು, ಗುಲಾಬಿಗೆಂಪು ಎಂದು ಎಷ್ಟೋ ಬಗೆ. ಇವರ ಪಾಲಿಗೆ ಬಂದದ್ದು ಏಡಿಗೆಂಪು. ಹಳೆಯ ನಿಯಮಾವಳಿಯಲ್ಲಿ ಇದ್ದದ್ದು ಆ ಒಂದು ಪದ, ಅಷ್ಟೇ.

"ಏಡಿ ಅಂದ್ರೆ ಬದುಕಿರೋ ಏಡೀನೋ, ಬೇಯಿಸಿದ್ದೋ?" ಎಂದು ಕ್ವೆತಾ ಕೇಳಿದಳು.

"ಬದುಕಿರೋ ಏಡಿ ಕೆಸರಿನ ಬಣ್ಣ ಕಣಮ್ಮ," ಎಂದ ದಳದ ಕ್ಯಾಪ್ಟನ್ ರಾಡೊವನ್ ಪೆಖ್. ಉಳಿದ ಹನ್ನೊಂದು ತಿಂಗಳು ಅವನು ಹಲ್ಲಿನ ಡಾಕ್ಟರು. ಬಾಯಿ ತೆರೆಸಿ ಮಾತಾಡುವ ಅಭ್ಯಾಸದಿಂದ, ಎದುರಿನವರು ಉತ್ತರ ಕೊಡುತ್ತಾರೆ ಎಂಬುದನ್ನು ಅವನು ಮರೆತೇಬಿಟ್ಟಿದ್ದ. "ನನ್ನ ಹತ್ರ ಆ ಕಾಲದ ಬಣ್ಣದ ಚಿತ್ರ ಇದೆ. ಗುಲಾಬಿ ಕಡೆಗೆ ತಿರುಗಿರೋ ಗಾಢ ಕೆಂಪು."

"ಕಾಗದ ಮಾಸತ್ತೆ ಡಾಕ್ಟ್ರೇ. ಬೆಂದ ಏಡಿ ಕಿತ್ತಳೆ ಕಡೆಗಿರತ್ತೆ. ನಾನು ತಿಂದಿದೀನಿ."

"ನೀವು ತಿಂದಿದ್ದು ಇತಿಹಾಸ ಆಗಲ್ಲ. ಸ್ಯಾಕ್ಸನಿಲಿ ಒಬ್ಬ ಈ ಬಣ್ಣದ ಬಟ್ಟೆ ಮಾಡ್ತಾನೆ, ಕೋಟೂ ಹೊಲಿದು ಕಳಿಸ್ತಾನೆ. ಮೇ ಹದಿನೈದರೊಳಗೆ ರುಜುವಾತು ತನ್ನಿ, ನೀವೇ ಹೊಲೀರಿ. ಇಲ್ಲಾಂದ್ರೆ ಅವನಿಗೇ ಕೊಡ್ತೀನಿ."

ಏಪ್ರಿಲ್ ಪೂರ್ತಿ ಅವಳು ಅಲೆದಳು. ಪತ್ರಾಗಾರದಲ್ಲಿ ಬೂಟಿನ ಮೊಳೆಗಳ ಲೆಕ್ಕ ಸಿಕ್ಕಿತು, ಬಣ್ಣದ್ದು ಸಿಗಲಿಲ್ಲ. ಮ್ಯೂಸಿಯಮ್ಮಿನಲ್ಲಿ ಕೋಟಿತ್ತು, ಗಾಜಿನ ಒಳಗೆ. ಕಾಲರು ಬಿಸಿಲಿಗೆ ಮಾಸಿ ಹಳೇ ಇಟ್ಟಿಗೆಯಂತಿತ್ತು. ಒಂದು ಕೋಟಿನಲ್ಲಿ ಬೆಳಕು ಎಂದೂ ಹೊಗದ ಜಾಗ ಯಾವುದೆಂದು ಅವಳಿಗೆ ಗೊತ್ತಿತ್ತು. ಹೊಲಿಗೆಯ ಒಳಮಡಿಕೆ. ಆದರೆ ಅದನ್ನು ನೋಡಬೇಕಾದರೆ ಹೊಲಿಗೆ ಬಿಚ್ಚಬೇಕು. ಬಿಚ್ಚುತ್ತೇನೆ ಎಂದು ಅವಳು ಬಾಯಿಬಿಟ್ಟದ್ದೇ ತಡ, ಮ್ಯೂಸಿಯಮ್ಮಿನವರು ಅವಳನ್ನು ಬಾಗಿಲವರೆಗೆ ಬಹಳ ಮರ್ಯಾದೆಯಿಂದ ಬಿಟ್ಟುಬಂದರು.

ಕೊನೆಗೆ ಅವಳು ಹೋದದ್ದು ದಿಬ್ಬದ ಕೆಳಗಿನ ಹಳ್ಳಿಗೆ, ತನ್ನ ಜೊತೆ ಶಾಲೆಯಲ್ಲಿ ಕೂತಿದ್ದ ಲಾಡ್ಯಾ ವಾಖೆಕ್‌ನ ಬಿಯರ್ ಅಂಗಡಿಗೆ. ೧೮೬೬ರ ಯುದ್ಧ ಮುಗಿದ ವಾರ ಅವನ ಹಿರಿಯರು ಹೊಲದಿಂದ ತಂದಿಟ್ಟ ಒಂದು ಕೋಟು ಅವನ ಬಳಿಯಿತ್ತು, ಅದೂ ಏಡಿಗೆಂಪಿನ ರೆಜಿಮೆಂಟಿನದೇ. ಐದು ತಲೆಮಾರಿನಿಂದ ಅವರು ಅದನ್ನು ಫೆಬ್ರವರಿಯ ವೇಷದ ಮೆರವಣಿಗೆಗೆ ಹಾಕಿಕೊಳ್ಳುತ್ತಿದ್ದರು. ಸೈನಿಕನಿಗೆ ಆದದ್ದಕ್ಕಿಂತ ಕೋಟಿಗೆ ಆದದ್ದೇ ಹೆಚ್ಚು.

"ಬಿಚ್ಚಕ್ಕೆ ಬಿಡಲ್ಲ," ಎಂದ ಲಾಡ್ಯಾ, ಅವಳ ಮುಂದೆ ಅರ್ಧ ಲೀಟರು ಇಡುತ್ತ. "ನಮ್ಮ ತಾತ ಹಾಕ್ಕೊಂಡಿದ್ದ ಕೋಟು."

"ನಿಮ್ಮ ತಾತ ಇದರ ಮೇಲೆ ಸಾಸಿವೆ ಚೆಲ್ಲಿದಾನೆ. ಇಲ್ನೋಡು."

"ಅದು ನಾನು."

"ನಿನಗೆ ಇದರ ಗುಂಡಿ ಹಾಕಕ್ಕಾಗದೆ ಎಷ್ಟು ವರ್ಷ ಆಯ್ತು ಲಾಡ್ಯಾ?"

ಅವನು ಲೋಟ ಒರೆಸಿದ. "ಹದಿನೆಂಟು."

"ನಿನ್ನ ಹೊಟ್ಟೆ ಅಳತೆಗೆ ಹೊಸದು ಹೊಲಿದುಕೊಡ್ತೀನಿ. ಗುಂಡಿ ಕೂರತ್ತೆ. ನಾಕು ಬೆರಳು ಹೊಲಿಗೆ ಬಿಚ್ತೀನಿ, ಅದೇ ತೂತಲ್ಲಿ ಮತ್ತೆ ಹಾಕ್ತೀನಿ."

"ಕೋಟು ಈ ಅಂಗಡಿ ಬಿಟ್ಟು ಹೋಗಬಾರದು."

"ಹೋಗಲ್ಲ."

"ಉಸಿರಾಡಕ್ಕೂ ಜಾಗ ಬಿಡು, ಊಟ ಆದ್ಮೇಲೆ."

ವ್ಯಾಪಾರ ಕುದುರಿತು. ಮಧ್ಯಾಹ್ನದ ಬೆಳಕಿಗೆ ಬಾಗಿಲ ಬಳಿ ಬೆಂಚು ಎಳೆದುಕೊಂಡು ಅವಳು ಕಾಲರಿನ ಹೊಲಿಗೆಯನ್ನು ಒಂದೊಂದೇ ಎತ್ತಿದಳು. ಮಡಿಕೆ ತೆರೆಯಿತು. ಒಳಗಿನ ಬಣ್ಣ ನಿನ್ನೆ ಹಾಕಿದಷ್ಟು ಹಸಿಯಾಗಿತ್ತು. ಗುಲಾಬಿ ಕಡೆಗೆ ತಿರುಗಿದ ಗಾಢ ಕೆಂಪು. ಡಾಕ್ಟರ ಕೆಂಪು.

ಲಾಡ್ಯಾ ಅವಳ ಮುಖ ನೋಡಿದ. "ನಿಂದಲ್ವಾ?"

"ನಂದಲ್ಲ."

"ಹೊಲಿದುಬಿಡು. ಇಲ್ಲಿ ನಾನೊಬ್ಬ ಇರೋದು. ನಾನು ನೋಡಿದ್ದು ಕಿತ್ತಳೆ."

ಅವಳು ಬಿಯರು ಒಂದು ಗುಟುಕು ಕುಡಿದು ಲೋಟ ದೂರವಿಟ್ಟಳು. ಒಂದೇ ಕಡೆ ನೋಡಿ ತೀರ್ಮಾನ ಮಾಡಿದ ಕೋಟು ಅವಳ ಮೇಜಿನಿಂದ ಮೂವತ್ತೊಂದು ವರ್ಷದಲ್ಲಿ ಒಂದೂ ಹೋಗಿರಲಿಲ್ಲ. ತನಗೆ ಸೋಲಾಗುತ್ತದೆ ಎಂದು ಇವತ್ತು ಅರ್ಧಕ್ಕೆ ಏಳುವುದೂ ತಪ್ಪು, ಸುಳ್ಳು ಹೇಳುವುದೂ ತಪ್ಪು. "ಕಫ್ ಉಳಿದಿದೆ," ಎಂದಳು.

"ನಾಕು ಬೆರಳು ಅಂದಿದ್ದೆ."

"ನಿನ್ನ ಕೋಟಿಗೆ ಒಳಜೇಬು ಇಟ್ಟುಕೊಡ್ತೀನಿ."

ಎಡಗೈ ಕಫ್ಫಿನ ಮಡಿಕೆಯಲ್ಲಿ ಬೆಂದ ಏಡಿಯೇ ಇತ್ತು, ಕಿತ್ತಳೆಯ ಕಡೆಗೆ. ಬಲಗೈದು ಎರಡೂ ಅಲ್ಲ, ನಡುವಿನದು. ಅವಳು ಮೂರನ್ನೂ ಪಕ್ಕಪಕ್ಕ ಹಿಡಿದು ನೂಲು ಎಣಿಸಿದಳು. ಈ ಕೋಟು ತನ್ನ ಮೇಜಿಗೆ ಬಂದಿದ್ದರೆ ಅರೆಗಳಿಗೆ ನಿಲ್ಲುತ್ತಿರಲಿಲ್ಲ. ಆದರೂ ಯಾವನೋ ಒಬ್ಬ ಇದನ್ನೇ ತೊಟ್ಟು ಈ ದಿಬ್ಬ ಹತ್ತಿದ್ದ. ಎಡಪಕ್ಕೆಯಲ್ಲಿ ಲಾಡ್ಯಾನ ಮುತ್ತಜ್ಜಿ ಹಾಕಿದ ತೇಪೆಯಿತ್ತು, ಅಂಗೈಯಷ್ಟು ಅಗಲ. ಅದರ ಕೆಳಗೆ ಏನಿದೆಯೆಂದು ಕ್ವೆತಾ ಬಿಚ್ಚಿ ನೋಡಲಿಲ್ಲ.

ಮೇ ಹದಿಮೂರಕ್ಕೆ ಡಾಕ್ಟರು ಅಂಗಡಿಗೆ ಬಂದ. ಅವಳು ಮೊದಲು ಕಾಲರನ್ನೇ ತೋರಿಸಿದಳು.

"ನಾನು ಹೇಳಿರ್ಲಿಲ್ವಾ?"

"ಹೇಳಿದ್ರಿ. ನೀವು ಸರಿ, ನಾನು ತಪ್ಪು. ಈಗ ಇದು ನೋಡಿ." ಎರಡು ಕಫ್ಫುಗಳನ್ನು ಬೆಳಕಿಗೆ ಒಡ್ಡಿದಳು.

ಡಾಕ್ಟರು ಕನ್ನಡಕ ತೆಗೆದ, ಹಾಕಿದ. "ಯಾರೋ ಆಮೇಲೆ ಬದಲಾಯಿಸಿರಬೇಕು."

"ಅದೇ ದಾರ, ಅದೇ ಕೈ. ನೂಲು ಎಣಿಸಿದೀನಿ. ಬೇಕಾದ್ರೆ ನೀವೂ ಎಣಿಸಿ."

"ಹಾಗಾದ್ರೆ ಏಡಿಗೆಂಪು ಯಾವುದು?"

"ಮೂರೂ. ಹೆಸರು ಆಫೀಸಿನವರದು ಡಾಕ್ಟ್ರೇ. ಬಣ್ಣ ಹಂಡೆಯದು. ಆವತ್ತು ಬಟ್ಟೆ ಗುತ್ತಿಗೆದಾರನ ಹಂಡೇಲಿ ಎಷ್ಟು ಬಣ್ಣದ ಬೇರು ಬಿತ್ತೋ ಅಷ್ಟು."

"ಜನ ನಗ್ತಾರೆ ಕಣಮ್ಮ, ಕಾಲರು ಒಂದು ಕಫ್ ಒಂದು ಅಂತ."

"ನಗಲಿ. ನಿಮ್ಮ ಸ್ಯಾಕ್ಸನಿಯವನ ಮಷೀನು ಇಪ್ಪತ್ತೆರಡನ್ನೂ ಒಂದೇ ಥರ ಕೊಡತ್ತೆ, ಮೂರು ಬಣ್ಣ ಕೇಳಿದ್ರೆ ಅವನು ಫೋನು ಇಟ್ಬಿಡ್ತಾನೆ. ನಾನು ಕೊಡ್ತೀನಿ."

"ಪ್ರಷ್ಯದವರು ನೋಡಿದ್ರೆ?"

"ಹೇಗಿದ್ರೂ ಸೋಲ್ತೀರಲ್ಲ," ಎಂದ ಲಾಡ್ಯಾ, ಪೀಪಾಯಿಯ ಹಿಂದಿನಿಂದ.

ಡಾಕ್ಟರು ಕಫ್ಫನ್ನು ಮತ್ತೊಮ್ಮೆ ಬೆಳಕಿಗೆ ಹಿಡಿದ. ಹುಳುಕು ಹಲ್ಲನ್ನು ಕೀಳದೆ ಬಿಡುವಾಗ ಅವನ ಮುಖ ಹೀಗೇ ಇರುತ್ತಿತ್ತೇನೋ. "ಸರಿ. ನೀವೇ ಹೊಲೀರಿ," ಎಂದ.

ಮಂಜಿಷ್ಠ ಬೇರು, ಪಟಿಕ, ಪ್ಲಮ್ ಜಾಮ್ ಕುದಿಸುವ ಎರಡು ಹಂಡೆ. ಹಿತ್ತಲಲ್ಲಿ ಮೂರು ವಾರ ಅವಳು ಬಟ್ಟೆ ಅದ್ದಿದಳು. ಒಂದು ಹಂಡೆಯ ಬಣ್ಣಕ್ಕೆ ಇನ್ನೊಂದನ್ನು ಸರಿದೂಗಿಸದೆ ಬಿಡುವುದು ಕಲಿಯಬೇಕಾದ ಕೆಲಸವಾಗಿತ್ತು. ಕಣ್ಣು ಉರಿಯುತ್ತಿತ್ತು, ಕೈ ತಾನಾಗಿ ಏಪ್ರನ್ನಿನ ಜೇಬಿನ ಸೀಮೆಸುಣ್ಣಕ್ಕೆ ಹೋಗುತ್ತಿತ್ತು. ಹಲ್ಲು ಕಚ್ಚಿ ಹೊಲಿದಳು. ಲಾಡ್ಯಾನದು ಇಪ್ಪತ್ಮೂರನೆಯದು, ಅದಕ್ಕೆ ಎರಡು ಕೋಟಿನ ಬಟ್ಟೆ ಹೋಯಿತು.

ಜುಲೈನಲ್ಲಿ ದಿಬ್ಬದ ಮೇಲೆ ಸಾಲು ನಿಂತಿತು. ಕೆಂಪು ಕಾಲರುಗಳು ಒಂದಕ್ಕೊಂದು ಹೊಂದದೆ, ಕಟ್ಟಿಗೆ ಒಲೆಯ ಕೆಂಡದಂತೆ ಅಲ್ಲಿಷ್ಟು ಇಲ್ಲಿಷ್ಟು ಕಾಣುತ್ತಿದ್ದವು. ನೋಡಲು ಬಂದವನೊಬ್ಬ ಏಕೆ ಹೀಗೆ ಎಂದು ಕೇಳಿದ. ಡಾಕ್ಟರು ಕತ್ತಿಯ ಹಿಡಿಯ ಮೇಲೆ ಕೈಯಿಟ್ಟು, "ಹೆಸರು ಆಫೀಸಿನವರದು, ಬಣ್ಣ ಹಂಡೆಯದು. ಇದು ನಮ್ಮ ಸಂಶೋಧನೆ," ಎಂದ.

ಕ್ವೆತಾ ಅದನ್ನು ಕೇಳಿಸಿಕೊಳ್ಳಲಿಲ್ಲ. ಅವಳು ಸಾಲಿನ ಹಿಂದೆ ಒಂದೊಂದೇ ಕೋಟು ನೋಡುತ್ತ ನಡೆದು ಹದಿನಾಲ್ಕನೆಯವನ ಹತ್ತಿರ ನಿಂತಿದ್ದಳು. ಅವನ ಕಾಲರು, ಎರಡೂ ಕಫ್ಫು, ಹೇಗೋ ಒಂದೇ ಹಂಡೆಯಿಂದ ಬಂದುಬಿಟ್ಟಿದ್ದವು. ಎಲ್ಲೂ ಕೂದಲೆಳೆಯಷ್ಟು ವ್ಯತ್ಯಾಸವಿರಲಿಲ್ಲ.

"ಅಲ್ಲಾಡಬೇಡಪ್ಪ," ಎಂದು ಅವಳು ಜೇಬಿನಿಂದ ಸೀಮೆಸುಣ್ಣ ತೆಗೆದು ಅವನ ಬೆನ್ನಿನ ಮೇಲೆ ಒಂದು ಕಾಟು ಹಾಕಿದಳು. ಬಿಳಿಯ ಮೇಲೆ ಬಿಳಿ, ಅವಳೊಬ್ಬಳಿಗೇ ಕಾಣುವಂಥದ್ದು. "ಇವತ್ತು ಸೋತು ಮುಗಿಸಿದ ಮೇಲೆ ಇದನ್ನ ನನಗೆ ವಾಪಸ್ ಕೊಡು."