ಗೂಡಿನಲ್ಲಿದ್ದರೆ ‘ಎ ಚಿಕನ್’, ಪಾತ್ರೆಯಲ್ಲಿದ್ದರೆ ‘ಸಮ್ ಚಿಕನ್’

ಭಾನುವಾರ ಬೆಳಿಗ್ಗೆ ಬಾಗಿಲು ತೆರೆದರೆ ಪಕ್ಕದ ಮನೆಯ ನಫೀಸಕ್ಕ.

“ಟೀಚರೇ, ನನಗೆ ಅರ್ಜೆಂಟಾಗಿ ಇಂಗ್ಲಿಷ್ ಬೇಕು. ಮಧ್ಯಾಹ್ನದ ಊಟದ ಒಳಗೆ!”

(ಮೂಡುಬಿದಿರೆಯಲ್ಲಿ ಇಂಗ್ಲಿಷ್ ಕಲಿಸುವವಳು ನಾನು. ಇಷ್ಟು ಆತುರದ ಸ್ಟೂಡೆಂಟ್ ಈವರೆಗೆ ಸಿಕ್ಕಿರಲಿಲ್ಲ.)

ವಿಷಯ ಇಷ್ಟೇ. ದುಬೈಯಿಂದ ಅವರ ಸೊಸೆ, ಪುಟ್ಟ ಮೊಮ್ಮಗಳು ಆಯಿಷಾ ರಜೆಗೆ ನಮ್ಮೂರು ತೋಡಾರಿಗೆ ಬಂದಿದ್ದಾರೆ. ತಾಯಿಗೆ ಹುಷಾರಿಲ್ಲವೆಂದು ಫೋನ್ ಬಂದು ಸೊಸೆ ಬೆಳಿಗ್ಗೆಯೇ ತವರು ಬಂಟ್ವಾಳಕ್ಕೆ ಓಡಿದ್ದಾಳೆ. ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಬಾರದ ಮಗು ಮುಖ ಊದಿಸಿ ಕೂತಿದೆ. ತಿಂಡಿ ಮುಟ್ಟಿಲ್ಲ.

“ತಿನ್ನು ಮಗಾ ಅಂತ ಹೇಳಲಿಕ್ಕೂ ನನಗೆ ಬರುವುದಿಲ್ಲ,” ಎನ್ನುವಾಗ ನಫೀಸಕ್ಕನ ಕಣ್ಣು ತುಂಬಿತ್ತು.

ನಮ್ಮ ಅಡುಗೆಮನೆಯಲ್ಲೇ ಕ್ಲಾಸು ಶುರು. “ಎಣಿಸಲಿಕ್ಕೆ ಆಗುವುದಕ್ಕೆ ‘ಎ’ ಅಥವಾ ‘ಆ್ಯನ್’. ಎ ಬನಾನಾ, ಆ್ಯನ್ ಎಗ್. ಎಣಿಸಲಿಕ್ಕೆ ಆಗದ್ದಕ್ಕೆ ‘ಸಮ್’. ಸಮ್ ರೈಸ್.”

“ಅನ್ನದ ಅಗುಳು ಎಣಿಸಬಹುದಲ್ಲ?”

“ಯಾರು ಎಣಿಸ್ತಾರೆ ನಫೀಸಕ್ಕ?”

“ಅದೂ ಹೌದು. ಹಾಗಾದ್ರೆ ಎ ಚಿಕನ್. ಗೂಡಿನಲ್ಲಿ ನಾಲ್ಕುಂಟು, ದಿನಾ ಎಣಿಸ್ತೇನೆ.”

“ಗೂಡಿನಲ್ಲಿದ್ದರೆ ಎ ಚಿಕನ್. ಪಾತ್ರೆಯಲ್ಲಿದ್ದರೆ ಸಮ್ ಚಿಕನ್. ‘ಎ’ ಹಾಕಿದ್ರೆ ಇಡೀ ಕೋಳಿ ಅಂತ ಆಗ್ತದೆ.”

“ಸಮ್ ಚಿಕನ್, ಸಮ್ ಚಿಕನ್” ಎಂದು ಬಾಯಿಪಾಠ ಮಾಡುತ್ತಲೇ ಮನೆಗೆ ಹೋದರು.

ಮಧ್ಯಾಹ್ನ ಮನಸ್ಸು ತಡೆಯದೆ ನಾನೂ ಅವರ ಮನೆಗೆ ಹೋದೆ. ಆಯಿಷಾ ರೊಟ್ಟಿ, ಕೋಳಿ ಸಾರಿನ ಮುಂದೆ ತಲೆ ತಗ್ಗಿಸಿ ಕೂತಿದ್ದಳು. ನಫೀಸಕ್ಕ ತಲೆಯ ಶಾಲು ಸರಿಪಡಿಸಿಕೊಂಡು, ಭಾಷಣಕ್ಕೆ ನಿಂತವರಂತೆ ಗಂಟಲು ಸರಿಮಾಡಿಕೊಂಡರು.

“ಆಯಿಷಾ, ಪ್ಲೀಸ್ ಈಟ್ ಎ ಚಿಕನ್!”

ನಾನು ಹಣೆ ಚಚ್ಚಿಕೊಂಡೆ.

ಮಗು ತಲೆಯೆತ್ತಿತು. “ಎ ಚಿಕನ್? ಹೋಲ್ ಚಿಕನ್?” ಎಂದು ಎರಡೂ ಕೈ ಅಗಲಿಸಿತು. ಅಜ್ಜಿಗೆ ಏನು ಅರ್ಥವಾಯಿತೋ! ಇನ್ನೂ ಅಗಲಕ್ಕೆ ಕೈ ಚಾಚಿ, “ಎಸ್, ಎಸ್, ಎ ಚಿಕನ್!” ಅಂದರು. ಮಗು ಮೊಣಕೈಯನ್ನೇ ರೆಕ್ಕೆಯಂತೆ ಬಡಿದು “ಕೊಕ್ಕೊಕ್ಕೋ” ಎಂದಿತು. ಅಜ್ಜಿಯೂ ರೆಕ್ಕೆ ಬಡಿದರು. ಬಿದ್ದು ಬಿದ್ದು ನಗುವುದರ ನಡುವೆ ತಟ್ಟೆ ಖಾಲಿಯಾದದ್ದೇ ಗೊತ್ತಾಗಲಿಲ್ಲ.

ನಾನು ಕಲಿಸಿದ ಸರಿಯಾದ ವಾಕ್ಯ ಹೇಳಿದ್ದರೆ ಏನಾಗುತ್ತಿತ್ತು? ಮಗು ‘ನೋ’ ಅಂದು ಮುಗಿಸುತ್ತಿತ್ತು, ಅಷ್ಟೇ. ತಪ್ಪಾದೀತೆಂದು ಹೆದರಿ ನಾವು ಎಷ್ಟು ಮಾತು ನುಂಗಿಕೊಳ್ಳುತ್ತೇವೆ, ಅಲ್ಲವೇ?

ತಪ್ಪೆಲ್ಲಿ ಎಂದು ಮೆಲ್ಲಗೆ ತಿಳಿಸಿ ಹೊರಟೆ. ನಫೀಸಕ್ಕ ಗೇಟಿನವರೆಗೂ ಬಂದು ಗುಟ್ಟಾಗಿ ಕೇಳಿದರು:

“ಟೀಚರೇ, ಸಂಜೆಯ ಚಹಾಕ್ಕೆ ಇನ್ನೊಂದು ತಪ್ಪು ಹೇಳಿಕೊಡ್ತೀರಾ?”